ಬಿ.ಎಸ್ಸಿ. ಪದವಿಯ ಮುಂದಿನ ಹಾದಿ

ಪ್ರತಿವರ್ಷವೂ ಪದವಿಪೂರ್ವ ಪರೀಕ್ಷೆಯ ಹಾಗೂ ಪ್ರವೇಶ ಪರೀಕ್ಷೆಗಳ ಫಲಿತಾಂಶಗಳು ಹೊರಬಿದ್ದು, ವೈದ್ಯಕೀಯಕ್ಕೆ ಹೋಗತಕ್ಕವರು ಯಾರು, ಎಂಜಿನಿಯರಿಂಗಿಗೆ ಹೋಗತಕ್ಕವರು ಯಾರು ಎಂಬುದು ಮನೆಮನೆಗಳಲ್ಲಿ ನಿಶ್ಚಯವಾದ ಮೇಲೆ, ಆ ಎರಡೂ ಪಂಕ್ತಿಗಳಲ್ಲಿ ಸೀಟು ದೊರೆಯದೆ ಉಳಿದ ಮಕ್ಕಳನ್ನು, ಬೇರೆ ಗತಿಯಿಲ್ಲವೆಂಬ ಭಾವದಿಂದ, ಹತ್ತಿರದ ಕಾಲೇಜಿನ ಬಿ.ಎಸ್ಸಿ. ತರಗತಿಗೆ ಸೇರಿಸುವುದು ನಮ್ಮಲ್ಲಿ ರೂಢಿಯೇ ಆಗಿಹೋಗಿದೆ. ಹಾಗೆ ಸೇರಿದ ವಿದ್ಯಾರ್ಥಿಯು ಭೌತಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ವರ್ಷಗಟ್ಟಲೆ ಅಭ್ಯಾಸಮಾಡಿ ಹೊರಬರುವಷ್ಟರಲ್ಲಿ, ಬಂಧುಗಳು ‘ಮುಂದೇನು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬ್ಯಾಂಕಿನ ಪರೀಕ್ಷೆಯನ್ನಾದರೂ ಬರೆಯೆಂದು ಬುದ್ಧಿ ಹೇಳುತ್ತಾರೆ. ಬ್ಯಾಂಕಿನ ಉದ್ಯೋಗದಲ್ಲಿ ನ್ಯೂನತೆಯೇನೂ ಇಲ್ಲ. ಆದರೆ ಈ ನಾಡಿನ ಮಣ್ಣು, ನೀರು, ಬೆಳೆ, ಆಹಾರ ಇವುಗಳ ವಿಷಯದಲ್ಲಿ ವಿಜ್ಞಾನವನ್ನು ಓದಿದವರಿಂದಲೇ ಆಗಬೇಕಾದ ಕಾರ್ಯವು ಅಪಾರವಾಗಿ ಬಿದ್ದಿರುವಾಗ, ಆ ಕಾರ್ಯದ ಸುದ್ದಿಯೇ ಅವರ ಕಿವಿಗೆ ಬೀಳದಂತೆ ಅವರನ್ನು ಪದವಿಯವರೆಗೆ ಕರೆತಂದು ಬಿಟ್ಟುಬಿಡುವ ನಮ್ಮ ಶಿಕ್ಷಣಕ್ರಮವು ದೊಡ್ಡ ಲೋಪವನ್ನು ಮಾಡುತ್ತಿದೆಯೆಂದು ನಾನು ದೃಢವಾಗಿ ನಂಬಿದ್ದೇನೆ.

ಈ ಪದವಿಯನ್ನು ಉಳಿದವರ ಪಾಲೆಂದು ಎಣಿಸುವವರು ನಮ್ಮ ನಾಡಿನ ಚರಿತ್ರೆಯನ್ನೇ ಮರೆತಿದ್ದಾರೆ. 1914ರಲ್ಲಿ ಯೂರೋಪಿನ ಮಹಾಯುದ್ಧವು ಆರಂಭವಾದಾಗ, ಅದುವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧದ ಕೊರಡುಗಳನ್ನು ಕೊಂಡೊಯ್ದು ತಮ್ಮಲ್ಲಿ ಎಣ್ಣೆ ತೆಗೆಯುತ್ತಿದ್ದ ಜರ್ಮನರ ವ್ಯಾಪಾರವು ಹಠಾತ್ತನೆ ನಿಂತುಹೋಗಿ, ಕಡಿದ ಗಂಧದ ಮರವೆಲ್ಲ ಸರ್ಕಾರದ ಕೋಠಿಗಳಲ್ಲಿ ರಾಶಿಬಿದ್ದಿತು. ಆ ಸಂಕಟಕ್ಕೆ ಪರಿಹಾರವು ದೊರೆತದ್ದು ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಅಧ್ಯಾಪಕರು ಗಂಧದ ಮರವನ್ನು ಬಟ್ಟಿಯಿಳಿಸಿ ಎಣ್ಣೆ ತೆಗೆಯುವ ಕ್ರಮವನ್ನು ಸಾಧಿಸಿದರು. 1916ರಲ್ಲಿ ಎಣ್ಣೆಯ ಕಾರ್ಖಾನೆ ಹುಟ್ಟಿತು. ಆ ಎಣ್ಣೆಯನ್ನು ಸಾಬೂನಿಗೆ ಬೆರೆಸುವ ವಿದ್ಯೆಯನ್ನು ಕಲಿತುಬರಲೆಂದು ಸಂಸ್ಥಾನದವರು ಇಂಗ್ಲೆಂಡಿಗೆ ಕಳುಹಿಸಿದ ತರುಣ ರಸಾಯನಜ್ಞರಾದ ಸೋಸಲೆ ಗರಳಪುರಿ ಶಾಸ್ತ್ರಿಗಳು ಹಿಂದಿರುಗಿ ತಯಾರಿಸಿದ ಸಾಬೂನು ಇಂದಿಗೂ ನಮ್ಮ ಸ್ನಾನದ ಮನೆಗಳಲ್ಲಿದೆ. ಶಾಸ್ತ್ರಿಗಳು ವೈದ್ಯರಾಗಿರಲಿಲ್ಲ, ಸೇತುವೆ ಕಟ್ಟುವವರೂ ಆಗಿರಲಿಲ್ಲ; ಒಂದು ತೈಲದ ಗುಣಧರ್ಮಗಳನ್ನು ತಾಳ್ಮೆಯಿಂದ ಅರಿತವರಾಗಿದ್ದರು, ಅಷ್ಟೇ. ಬಣ್ಣ, ಔಷಧ, ಸುಗಂಧ, ಗೊಬ್ಬರ, ಸಿಮೆಂಟು ಮುಂತಾದವನ್ನು ತಯಾರಿಸುವ ಇಂದಿನ ಕಾರ್ಖಾನೆಗಳಲ್ಲಿಯೂ, ಸರಕು ಹೊರಹೋಗುವ ಮೊದಲು ಅದು ಸರಿಯಾಗಿದೆಯೇ ಎಂದು ಪರೀಕ್ಷಿಸಿ ಒಪ್ಪಿಗೆ ಕೊಡತಕ್ಕವರು ಬಹುಮಟ್ಟಿಗೆ ರಸಾಯನಶಾಸ್ತ್ರದ ಪದವೀಧರರೇ. ಆರಂಭದ ಸಂಬಳವು ಅಲ್ಪವೆಂಬುದನ್ನೂ, ರಾತ್ರಿಪಾಳಿಯ ಕಷ್ಟವುಂಟೆಂಬುದನ್ನೂ ಮುಚ್ಚಿಡಲಾಗದು. ಆದರೆ ವಿಶ್ಲೇಷಣೆಯ ಯಂತ್ರಗಳನ್ನು ನಿಜವಾಗಿ ಕೈವಶಮಾಡಿಕೊಂಡವರನ್ನು ಯಾವ ಕಾರ್ಖಾನೆಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಸಸ್ಯಶಾಸ್ತ್ರವನ್ನು ಓದಿದವನಿಗೆ ಏನು ಉದ್ಯೋಗವೆಂದು ಕೇಳುವವರು ಮಲೆನಾಡಿನ ಅಡಿಕೆ ತೋಟದವರನ್ನು ವಿಚಾರಿಸಬೇಕು. ಮಳೆಗಾಲದಲ್ಲಿ ಎಳೆಯ ಕಾಯಿಗಳನ್ನೆಲ್ಲ ಉದುರಿಸಿ ಬೆಳೆಗಾರನನ್ನು ಸಾಲದಲ್ಲಿ ಮುಳುಗಿಸುತ್ತಿದ್ದ ಕೊಳೆರೋಗವು ದೈವಕೋಪವೆಂದು ಜನ ಭಾವಿಸಿ, ಗೊನೆಗಳಿಗೆ ಕೊಟ್ಟೆ ಕಟ್ಟಿ ಕೈಲಾದಷ್ಟನ್ನು ಉಳಿಸಿಕೊಳ್ಳುತ್ತಿದ್ದ ಕಾಲದಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ಶಿಲೀಂಧ್ರಶಾಸ್ತ್ರಜ್ಞನು ಆ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಉಪಾಯವನ್ನು ಬಳಕೆಗೆ ತಂದನು. ಇಂದಿಗೂ ಮಳೆಗೆ ಮುಂಚೆ ಮರವೇರಿ ಮದ್ದು ಹೊಡೆಯುವವರು ಅವನ ಹೆಸರನ್ನು ಅರಿಯದೆಯೇ ಅವನ ವಿದ್ಯೆಯನ್ನು ಆಚರಿಸುತ್ತಿದ್ದಾರೆ. ಬಾಳೆಹೊನ್ನೂರಿನ ಸಮೀಪದಲ್ಲಿ 1925ರಲ್ಲಿ ಕಾಫಿಯ ಸಂಶೋಧನಾ ಕೇಂದ್ರವು ಹುಟ್ಟಿದ್ದೂ ಅವನ ಕಾಲದಲ್ಲಿಯೇ. ಆ ಪರಂಪರೆಯ ಮುಂದುವರಿಕೆಯಾಗಿ ಕಾಫಿ ಮಂಡಳಿಯು ಕಾಫಿಯ ಗುಣಮಟ್ಟವನ್ನು ಕುರಿತ ಒಂದು ಸ್ನಾತಕೋತ್ತರ ಡಿಪ್ಲೊಮಾ ಶಿಕ್ಷಣವನ್ನು ನಡೆಸುತ್ತಿದ್ದು, ಕೃಷಿ ಪದವೀಧರರ ಜೊತೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರಗಳನ್ನು ಓದಿದವರಿಗೂ ಅಲ್ಲಿ ಪ್ರವೇಶವುಂಟು. ಬೀಜವನ್ನು ಹುರಿದು, ಪುಡಿಮಾಡಿ, ಬಿಸಿನೀರು ಹೊಯ್ದು, ಬಟ್ಟಲಿನಿಂದ ಬಟ್ಟಲಿಗೆ ಚಮಚೆಯಲ್ಲಿ ಸೊರ್ರೆಂದು ಹೀರಿ, ಇದು ಯಾವ ತರದ್ದು, ಎಲ್ಲಿ ಕೆಟ್ಟಿದೆ, ಹುದುಗು ಹೆಚ್ಚಾಯಿತೋ ಒಣಗಿಸಿದ್ದು ಕಡಿಮೆಯಾಯಿತೋ ಎಂಬುದನ್ನು ನಾಲಗೆಯಿಂದಲೇ ತೀರ್ಮಾನಿಸುವ ಆ ಪರಿಣತಿಯು ಅಭ್ಯಾಸದಿಂದ ಬರತಕ್ಕದ್ದು. ಒಬ್ಬ ಬೆಳೆಗಾರನ ವರ್ಷದ ದುಡಿಮೆಗೆ ಎಷ್ಟು ಬೆಲೆ ಬರುವುದೆಂಬುದು ಅನೇಕವೇಳೆ ಆ ತೀರ್ಮಾನವನ್ನೇ ಅವಲಂಬಿಸಿರುತ್ತದೆ. ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ಎಷ್ಟು ಕಾಲೇಜುಗಳಲ್ಲಿ ಈ ಶಿಕ್ಷಣದ ಹೆಸರನ್ನಾದರೂ ವಿದ್ಯಾರ್ಥಿಗಳಿಗೆ ಹೇಳುತ್ತಿರಬಹುದು?

ಮೈಸೂರಿನ ಚೆಲುವಾಂಬ ಭವನದಲ್ಲಿ 1950ರಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಇಂಥದೇ ಇನ್ನೊಂದು ಬಾಗಿಲು. ಕೊಬ್ಬು ಹೆಚ್ಚಾದ ಎಮ್ಮೆಯ ಹಾಲು ಶಿಶುಗಳಿಗೆ ಒಗ್ಗದೆಂಬ ನಂಬಿಕೆಯು ಬಲವಾಗಿದ್ದಾಗ, ಆ ಹಾಲಿನಿಂದಲೇ ಶಿಶುಗಳ ಆಹಾರವನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದು ಅಮುಲ್ ಸಂಸ್ಥೆಯ ಕೈಗೆ ಕೊಟ್ಟದ್ದು ಈ ಸಂಶೋಧನಾಲಯ. ಅಲ್ಲಿಯೂ ವಿಜ್ಞಾನ ಪದವೀಧರರಿಗೆ ಎರಡು ವರ್ಷದ ಆಹಾರವಿಜ್ಞಾನದ ಶಿಕ್ಷಣವು ದೊರೆಯುತ್ತದೆ. ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರಗಳಲ್ಲಿ ಪದವಿ ಪಡೆದವರು 2006ರ ಆಹಾರ ಸುರಕ್ಷತಾ ಕಾಯಿದೆಯ ಮೇರೆಗೆ ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೂ ಅರ್ಹರು.

ಆದರೆ ನನ್ನ ಮನಸ್ಸು ಎಲ್ಲಕ್ಕಿಂತ ಹೆಚ್ಚಾಗಿ ಮರುಗುವುದು ಭೂವಿಜ್ಞಾನದ ವಿಷಯದಲ್ಲಿ. ನಮ್ಮ ಬಯಲುಸೀಮೆಯ ನೆಲದ ಕೆಳಗಿರುವುದು ಬಹುತೇಕ ಗಟ್ಟಿಯಾದ ಪುರಾತನ ಶಿಲೆ; ಅದರಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲಗೊಂಡ ಪದರದಲ್ಲಿ ಮತ್ತು ಅಡಿಯ ಬಿರುಕುಗಳಲ್ಲಿ ಮಾತ್ರ. ಬಿರುಕು ಎಲ್ಲಿದೆ, ಅದಕ್ಕೆ ಮಳೆಯ ನೀರು ಯಾವ ದಿಕ್ಕಿನಿಂದ ಇಳಿಯುತ್ತದೆ, ಎಷ್ಟು ತೆಗೆದರೆ ಮರಳಿ ತುಂಬುತ್ತದೆ ಎಂಬುದನ್ನು ಅರಿಯದೆ, ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತ ಜಾಗದಲ್ಲಿ ಕೊಳವೆಬಾವಿ ಕೊರೆಸಿ, ಒಂದು ಬತ್ತಿದರೆ ಇನ್ನೊಂದನ್ನು ಇನ್ನೂ ಆಳಕ್ಕೆ ಕೊರೆಸುತ್ತ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ರೈತರು ಕಳೆದುಕೊಂಡಿರುವ ಹಣವನ್ನು ನೆನೆದರೆ, ಪ್ರತಿಯೊಂದು ತಾಲ್ಲೂಕಿಗೂ ಒಬ್ಬ ಭೂವಿಜ್ಞಾನಿ ಏಕಿಲ್ಲವೆಂದು ಯಾರಿಗಾದರೂ ಅನ್ನಿಸಲೇಬೇಕು. ಮೈಸೂರು ಸಂಸ್ಥಾನವು 1894ರಷ್ಟು ಹಿಂದೆಯೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿತ್ತು. ಅದರಲ್ಲಿ ಸೇವೆಗೆ ಸೇರಿ ಮುಂದೆ ಅದರ ನಿರ್ದೇಶಕರೇ ಆದ ಬಿ. ಪಿ. ರಾಧಾಕೃಷ್ಣ ಅವರು, ಈ ನಾಡಿನ ಶಿಲೆಗಳನ್ನು ಅಭ್ಯಸಿಸುವುದರ ಜೊತೆಗೆ, 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ, ಅಂತರ್ಜಲದ ವಿವೇಕಯುತ ಬಳಕೆಯ ಪರವಾಗಿ ಮಾತನಾಡಿ, ಡಾರ್ವಿನ್ನನ ಜೀವನವನ್ನು ಕನ್ನಡದಲ್ಲಿ ಬರೆದು, ಒಬ್ಬ ವಿಜ್ಞಾನಿಯ ಬದುಕು ಎಷ್ಟು ವಿಶಾಲವಾಗಬಲ್ಲುದೆಂಬುದನ್ನು ತೋರಿಸಿಕೊಟ್ಟರು. ಈ ದಾರಿಗೆ ಬಿ.ಎಸ್ಸಿ. ಮಾತ್ರ ಸಾಲದು, ಎಂ.ಎಸ್ಸಿ. ಬೇಕು, ಅನಂತರ ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿಗಳ ಪರೀಕ್ಷೆಯ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಕ್ಕಾಗಲಿ ಕೇಂದ್ರ ಅಂತರ್ಜಲ ಮಂಡಳಿಗಾಗಲಿ ಪ್ರವೇಶ. ಹೀಗಿರುತ್ತ ನಮ್ಮ ಎಷ್ಟೋ ಕಾಲೇಜುಗಳಲ್ಲಿ ಭೂವಿಜ್ಞಾನವು ಐಚ್ಛಿಕ ವಿಷಯವಾಗಿಯೂ ಇಲ್ಲ.

ಉಳಿದ ದಾರಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಭೌತಶಾಸ್ತ್ರದ ಪದವೀಧರರನ್ನು ಹವಾಮಾನ ಇಲಾಖೆಯು ವೈಜ್ಞಾನಿಕ ಸಹಾಯಕರನ್ನಾಗಿ ತೆಗೆದುಕೊಳ್ಳುತ್ತದೆ. ಸಂಖ್ಯಾಶಾಸ್ತ್ರವನ್ನು ಓದಿದವರಿಗೆ ಭಾರತೀಯ ಸಂಖ್ಯಾಶಾಸ್ತ್ರ ಸೇವೆಯಿದೆ. ಅದಕ್ಕೆ ಬೇಕಾದುದು ಆ ವಿಷಯದಲ್ಲಿ ಪದವಿ ಮಾತ್ರ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಭೂವಿಜ್ಞಾನ ಇವುಗಳಲ್ಲಿ ಒಂದನ್ನು ಓದಿದ ಪದವೀಧರರು ಕುಳಿತುಕೊಳ್ಳಬಹುದು. ಹೊಸ ಆವಿಷ್ಕಾರಗಳ ಹಕ್ಕುಗಳನ್ನು ಕಾಪಾಡುವ ಪೇಟೆಂಟ್ ಏಜೆಂಟರ ಪರೀಕ್ಷೆಗೆ ಕಾನೂನಿನ ಪದವಿಯು ಬೇಕಿಲ್ಲ, ವಿಜ್ಞಾನದ ಪದವಿ ಸಾಕೆಂಬುದು ಹಲವರಿಗೆ ಗೊತ್ತಿಲ್ಲ. ಹಳೆಯ ದೇವಾಲಯಗಳ ಶಿಲ್ಪಗಳ ಮೇಲೆ ಬೆಳೆಯುವ ಪಾಚಿಯನ್ನು ಕಲ್ಲಿಗೆ ನೋವಾಗದಂತೆ ತೆಗೆಯುವುದು, ಮಾಸಿದ ಭಿತ್ತಿಚಿತ್ರದ ವರ್ಣವನ್ನು ನಿಲ್ಲಿಸುವುದು ರಸಾಯನಜ್ಞನ ಕೆಲಸ. ಪುರಾತತ್ವ ಸರ್ವೇಕ್ಷಣ ಇಲಾಖೆಯು ಅದಕ್ಕಾಗಿಯೇ 1917ರಿಂದ ಒಂದು ವಿಜ್ಞಾನ ಶಾಖೆಯನ್ನಿಟ್ಟುಕೊಂಡಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು ಬೆಳಕಿಗೆ ಬಂದ ಮೈಸೂರಿನ ಪ್ರಾಚ್ಯ ಸಂಶೋಧನಾಲಯದಂಥ ಸ್ಥಳಗಳಲ್ಲಿರುವ ಓಲೆಗರಿಗಳನ್ನು ಹುಳುವಿನಿಂದಲೂ ತೇವದಿಂದಲೂ ರಕ್ಷಿಸುವುದಕ್ಕೂ ಸಂಸ್ಕೃತ ಪಂಡಿತನೊಡನೆ ವಿಜ್ಞಾನದವನೊಬ್ಬ ಕುಳಿತುಕೊಳ್ಳಲೇಬೇಕು.

ಸಂಬಳದ ಪ್ರಶ್ನೆಯನ್ನು ಹಾರಿಸಿ ಮುಂದಕ್ಕೆ ಹೋಗುವುದು ಅಪ್ರಾಮಾಣಿಕತೆಯಾದೀತು. ಹಣಕಾಸಿನ ಇಲಾಖೆಯ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದು 1907ರಲ್ಲಿ ಕಲ್ಕತ್ತೆಯಲ್ಲಿ ಅಧಿಕಾರಿಯಾದ ಚಂದ್ರಶೇಖರ ವೆಂಕಟರಾಮನ್ ಅವರು, ಕಚೇರಿಯ ವೇಳೆ ಮುಗಿದ ಮೇಲೆ ಬೌಬಜಾರಿನ ಪ್ರಯೋಗಶಾಲೆಯಲ್ಲಿ ದುಡಿದು, ಹತ್ತು ವರ್ಷಗಳ ಅನಂತರ ಕಡಿಮೆ ಸಂಬಳದ ಅಧ್ಯಾಪಕ ಪೀಠವನ್ನು ಒಪ್ಪಿಕೊಂಡ ಕಥೆಯನ್ನು ಸಭೆಗಳಲ್ಲಿ ಪದೇ ಪದೇ ಹೇಳುತ್ತಾರೆ. ಆ ತ್ಯಾಗಕ್ಕೆ ನಮಸ್ಕಾರ ಸಲ್ಲಲಿ. ಆದರೆ ಅಪ್ಪನ ಸಾಲವನ್ನು ತೀರಿಸಬೇಕಾದ ಹುಡುಗನಿಗೂ ತಂಗಿಯರನ್ನು ಓದಿಸಬೇಕಾದ ಹುಡುಗಿಗೂ ಈ ಕಥೆಯನ್ನು ಹೇಳಿ, ನೀನೂ ಹಾಗೆಯೇ ತ್ಯಾಗ ಮಾಡೆಂದು ಬೋಧಿಸುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ವಿಜ್ಞಾನದ ಕೆಲಸವು ನಾಡಿಗೆ ಬೇಕಾದುದಾದರೆ ನಾಡು ಅದಕ್ಕೆ ತಕ್ಕ ವೇತನವನ್ನು ಕೊಡಬೇಕು. ಖಾಲಿ ಹುದ್ದೆಗಳನ್ನು ವರ್ಷಗಟ್ಟಲೆ ತುಂಬದೆ, ಪರೀಕ್ಷೆಗಳನ್ನು ನಡೆಸಿ ಫಲಿತಾಂಶವನ್ನು ತಡೆದು, ತರುಣರ ಪ್ರಾಯವನ್ನು ಕಾಯುವುದರಲ್ಲಿಯೇ ಸವೆಸುವುದು ಅವರಿಗೆ ಮಾಡುವ ದ್ರೋಹ.

ಈ ದ್ರೋಹವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಧ್ಯಾಪನದಲ್ಲಿ. ಗ್ರಾಮಾಂತರದ ಪ್ರೌಢಶಾಲೆಯಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಬಲ್ಲ ಒಬ್ಬ ಮೇಷ್ಟರಿದ್ದರೆ ಆ ಸುತ್ತಿನ ಹಳ್ಳಿಗಳ ಒಂದು ತಲೆಮಾರಿನ ಬುದ್ಧಿಯೇ ಬೇರೆಯಾಗಿ ಬೆಳೆಯುತ್ತದೆ. ಆ ಮೇಷ್ಟರ ಜಾಗದಲ್ಲಿ ವರ್ಷಕ್ಕೊಬ್ಬ ಅತಿಥಿ ಶಿಕ್ಷಕನು ಬಂದುಹೋಗುತ್ತಿದ್ದರೆ, ಮಕ್ಕಳು ಗಣಿತಕ್ಕೆ ಹೆದರುವುದನ್ನಷ್ಟೇ ಕಲಿಯುತ್ತಾರೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ವಿಜ್ಞಾನವನ್ನೂ ಅಧ್ಯಾಪನವನ್ನೂ ನಾಲ್ಕು ವರ್ಷಗಳಲ್ಲಿ ಒಟ್ಟಿಗೆ ಕಲಿಸುವ ಪದವಿಯನ್ನು ಬಹುಕಾಲದಿಂದ ನಡೆಸುತ್ತ ಬಂದಿದೆ. ಅಂಥದೊಂದು ಸಂಸ್ಥೆ ಕಲಬುರಗಿಯ ಕಡೆಗೂ ಬೇಕು, ಅದರಿಂದ ಹೊರಬಂದವರಿಗೆ ಖಾಯಂ ನೇಮಕವೂ ಬೇಕು. ಅಧ್ಯಾಪನದ ಜೊತೆಯಲ್ಲಿಯೇ ಬರಹವೂ ಬೆಳೆಯುತ್ತದೆಂಬುದಕ್ಕೆ ಕನ್ನಡದಲ್ಲಿ ಸಾಕಷ್ಟು ನಿದರ್ಶನಗಳಿವೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ಪಾರಿಭಾಷಿಕ ಶಬ್ದಗಳೇ ಇಲ್ಲದಿದ್ದ 1918ರಲ್ಲಿ, ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಗಣಿತದ ಅಧ್ಯಾಪಕರಾಗಿದ್ದ ಜಿ. ಟಿ. ನಾರಾಯಣರಾಯರು ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶದ ವಿಜ್ಞಾನ ವಿಭಾಗವನ್ನು ನೋಡಿಕೊಂಡು ನಕ್ಷತ್ರಗಳನ್ನು ಕನ್ನಡಿಗರಿಗೆ ಪರಿಚಯಮಾಡಿಸಿದರು, ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಪತ್ರಿಕೆ, ಆಕಾಶವಾಣಿ, ವಸ್ತುಸಂಗ್ರಹಾಲಯ, ತಾರಾಲಯ ಇವೆಲ್ಲಕ್ಕೂ ವಿಜ್ಞಾನವನ್ನು ಬಲ್ಲ ಮತ್ತು ಕನ್ನಡವನ್ನು ತಪ್ಪಿಲ್ಲದೆ ಬರೆಯಬಲ್ಲ ಜನ ಬೇಕು. ಎರಡೂ ಕೂಡಿಬಂದವರು ಅತಿ ವಿರಳ.

ಇದಕ್ಕೆಲ್ಲ ದೊಡ್ಡ ಯೋಜನೆಗಳು ಬೇಕಾಗಿಲ್ಲ. ಪ್ರತಿಯೊಂದು ಪದವಿ ಕಾಲೇಜಿನಲ್ಲಿಯೂ ಒಬ್ಬ ಅಧ್ಯಾಪಕರ ಬೋಧನೆಯ ಹೊರೆಯನ್ನು ಕೊಂಚ ಇಳಿಸಿ, ಯಾವ ಪರೀಕ್ಷೆಗೆ ಎಂದು ಅರ್ಜಿ ಕರೆದಿದ್ದಾರೆ, ಯಾವ ಸಂಸ್ಥೆಯಲ್ಲಿ ಬೇಸಗೆಯ ಶಿಬಿರವಿದೆ, ಐಐಟಿ ಹಾಗೂ ವಿಜ್ಞಾನ ಸಂಸ್ಥೆಗಳ ಎಂ.ಎಸ್ಸಿ. ಪ್ರವೇಶಕ್ಕೆ ಹೇಗೆ ಸಿದ್ಧರಾಗಬೇಕು ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲ ವರ್ಷದಿಂದಲೇ ತಿಳಿಸುವ ಹೊಣೆಯನ್ನು ಅವರಿಗೆ ವಹಿಸಬೇಕು. ಎರಡನೆಯ ವರ್ಷದಲ್ಲಿ ಎಲ್ಲರನ್ನೂ ಜಿಲ್ಲೆಯ ಒಂದು ಮಣ್ಣು ಪರೀಕ್ಷಾ ಕೇಂದ್ರಕ್ಕೋ ರೇಷ್ಮೆಯ ಬಿತ್ತನೆ ಕೋಠಿಗೋ ನೀರು ಶುದ್ಧೀಕರಣದ ಘಟಕಕ್ಕೋ ಕರೆದೊಯ್ದು, ಅಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳೊಡನೆ ಒಂದು ವಾರ ಕೆಲಸಮಾಡಿಸಬೇಕು. ಬರುವ ಜೂನ್ ತಿಂಗಳಲ್ಲಿ ಕಾಲೇಜು ತೆರೆಯುವ ಮೊದಲೇ ವಿಶ್ವವಿದ್ಯಾನಿಲಯಗಳು ಇದನ್ನು ಪಠ್ಯಕ್ರಮದೊಳಗೆ ಸೇರಿಸಿ ಆಜ್ಞೆ ಹೊರಡಿಸಲು ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ.