ತಡೆಯುವ ಮಿತಿ, ಉಳಿಸುವ ಹೊಣೆ

ಹೃದಯಾಘಾತದ ಭೀತಿಗೆ ತಪಾಸಣೆಯೊಂದೇ ಉತ್ತರವಲ್ಲ. ಮೊದಲ ಗಂಟೆಯ ಸಿದ್ಧತೆಗೂ ಆರೋಗ್ಯ ನೀತಿಯಲ್ಲಿ ಅಷ್ಟೇ ಜಾಗ ಸಿಗಬೇಕು

2025ರ ಜುಲೈ ಮೊದಲ ದಿನಗಳಲ್ಲಿ ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡರು, ಅವರಲ್ಲಿ ಯುವಕರೂ ಇದ್ದರು ಎಂಬ ಸುದ್ದಿ ಮನೆಮನೆಗೂ ಭಯ ಹೊತ್ತು ತಂದಿತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಅಗಲಿದಾಗಲೂ ಆಸ್ಪತ್ರೆಗಳು ಹೀಗೆಯೇ ತುಂಬಿದ್ದವು. ಇಸಿಜಿ, ಎಕೊ, ಟಿಎಂಟಿ ಮಾಡಿಸಿಕೊಂಡು ಹೋಗಲು ಬಂದವರೆಲ್ಲರ ಪ್ರಶ್ನೆ ಒಂದೇ: ‘ಡಾಕ್ಟ್ರೇ, ನನಗೇನೂ ಆಗಲ್ಲ ಅಲ್ವಾ?’

ಈ ಪ್ರಶ್ನೆಗೆ ‘ಖಂಡಿತ ಆಗಲ್ಲ’ ಎಂದು ಹೇಳುವ ಶಕ್ತಿ ವೈದ್ಯವಿಜ್ಞಾನಕ್ಕೆ ಇನ್ನೂ ಬಂದಿಲ್ಲ. ಹೃದ್ರೋಗ ತಡೆಯುವ ವಿಧಾನಗಳು ಗಟ್ಟಿಯಾದ ಪುರಾವೆಯ ಮೇಲೆ ನಿಂತಿವೆ. ಆದರೆ ಅವು ಕೊಡುವ ರಕ್ಷಣೆ ಪೂರ್ಣವಲ್ಲ. ಈ ಸತ್ಯವನ್ನು ಮುಚ್ಚಿಡುವುದರಿಂದ ಎರಡು ಬಗೆಯ ಹಾನಿಯಾಗುತ್ತದೆ. ರಿಪೋರ್ಟ್ ನಾರ್ಮಲ್ ಬಂದವರು ನಿಶ್ಚಿಂತರಾಗಿ, ಎದೆನೋವು ಬಂದ ದಿನವೂ ಮನೆಯಲ್ಲೇ ಉಳಿಯುತ್ತಾರೆ. ಎಲ್ಲ ಎಚ್ಚರ ವಹಿಸಿಯೂ ಸತ್ತವರನ್ನು ಕಂಡ ಉಳಿದವರು, ಪಥ್ಯ–ವ್ಯಾಯಾಮಗಳೆಲ್ಲ ವ್ಯರ್ಥ ಎಂದುಕೊಳ್ಳುತ್ತಾರೆ. ಎರಡೂ ಪ್ರಾಣಕ್ಕೆ ಎರವಾಗುವ ತಪ್ಪು ತಿಳಿವಳಿಕೆಗಳು.

ಪರೀಕ್ಷೆಗಳು ಎಲ್ಲಿ ಸೋಲುತ್ತವೆ ಎಂಬುದು ತಿಳಿಯಬೇಕಾದರೆ ಆಘಾತ ಹೇಗೆ ಆಗುತ್ತದೆ ಎಂಬುದನ್ನು ನೋಡಬೇಕು. ರಕ್ತನಾಳದಲ್ಲಿ ಜಿಡ್ಡು ವರ್ಷಗಟ್ಟಲೆ ತುಂಬಿಕೊಳ್ಳುತ್ತಾ ಬಂದು, ಒಂದು ದಿನ ನಾಳ ಪೂರ್ತಿ ಮುಚ್ಚಿಹೋಗುತ್ತದೆ ಎಂಬುದು ನಮ್ಮಲ್ಲಿ ಬಹುತೇಕರ ಕಲ್ಪನೆ. ಹಲವು ಪ್ರಕರಣಗಳಲ್ಲಿ ನಡೆಯುವುದು ಹಾಗಲ್ಲ. ನಾಳದ ಗೋಡೆಯೊಳಗೆ ಕೊಬ್ಬು, ಉರಿಯೂತದ ಜೀವಕೋಶಗಳು ಸೇರಿ, ತೆಳುಚರ್ಮದ ಕುರುವಿನಂತೆ ಉಬ್ಬಿಕೊಂಡಿರುತ್ತವೆ. ಆ ಪೊರೆ ಹರಿದರೆ ಒಳಗಿನ ಜಿಡ್ಡು ರಕ್ತಕ್ಕೆ ತಾಗಿ, ನಿಮಿಷಗಳಲ್ಲಿ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹರಿಯುವ ಮುನ್ನ ಆ ಉಬ್ಬು ನಾಳದ ಅರ್ಧದಷ್ಟನ್ನೂ ಅಡ್ಡಗಟ್ಟಿರದೆ ಇರಬಹುದು. ಟ್ರೆಡ್‌ಮಿಲ್ ಪರೀಕ್ಷೆ (ಟಿಎಂಟಿ) ಗುರುತಿಸುವುದು ರಕ್ತದ ಹರಿವಿಗೆ ತೊಡಕಾಗುವಷ್ಟು ದೊಡ್ಡ ಬ್ಲಾಕ್‌ಗಳನ್ನು. ಸಣ್ಣದಾಗಿದ್ದೂ ಹರಿಯಲು ಸಿದ್ಧವಾಗಿರುವ ಉಬ್ಬು ಅದರ ಕಣ್ಣಿಗೆ ಬೀಳುವುದಿಲ್ಲ. ಯಾವ ಉಬ್ಬು, ಯಾವ ದಿನ ಹರಿಯುತ್ತದೆ ಎಂದು ಮುಂದಾಗಿ ಹೇಳುವ ಪರೀಕ್ಷೆ ಇಂದಿಗೂ ಇಲ್ಲ.

ಅಮೆರಿಕದ ಹೆಸರಾಂತ ಟಿ.ವಿ. ಪತ್ರಕರ್ತ ಟಿಮ್ ರಸರ್ಟ್ ಅವರ ಸಾವು ಇದಕ್ಕೆ ಸ್ಪಷ್ಟ ನಿದರ್ಶನ. ತಮಗೆ ಹೃದಯದ ರಕ್ತನಾಳದ ಕಾಯಿಲೆ ಇದೆಯೆಂದು ಅವರಿಗೆ ಗೊತ್ತಿತ್ತು. ಒಳ್ಳೆಯ ವೈದ್ಯರಿದ್ದರು. ಮೈತೂಕ ಹೆಚ್ಚೇ ಇದ್ದರೂ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಔಷಧಗಳಿಂದ ಹತೋಟಿಯಲ್ಲಿದ್ದವು. ಕೆಟ್ಟ ಕೊಲೆಸ್ಟರಾಲ್ 68ಕ್ಕೆ ಇಳಿದಿತ್ತು. ವ್ಯಾಯಾಮ ಮಾಡುತ್ತಿದ್ದರು. 2008ರ ಏಪ್ರಿಲ್‌ನಲ್ಲಿ ನಡೆಸಿದ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಪಾಸಾಗಿದ್ದರು. ಜೂನ್ 13ರಂದು, 58ನೇ ವಯಸ್ಸಿನಲ್ಲಿ, ಕಚೇರಿಯಲ್ಲಿ ಕೆಲಸದ ನಡುವೆಯೇ ಕುಸಿದುಬಿದ್ದು ಸತ್ತರು. ಹೃದಯದ ಮುಖ್ಯ ನಾಳವೊಂದರಲ್ಲಿ ಜಿಡ್ಡಿನ ಉಬ್ಬು ಹರಿದು ರಕ್ತ ಹೆಪ್ಪುಗಟ್ಟಿದ್ದು ಮರಣೋತ್ತರ ಪರೀಕ್ಷೆಯಲ್ಲಿ ಕಂಡುಬಂತು. ಹಣ, ತಿಳಿವಳಿಕೆ, ತಜ್ಞರು, ಔಷಧ ಎಲ್ಲವೂ ಇದ್ದ ಕಡೆಯೂ ಅಪಾಯ ಪೂರ್ತಿ ಅಳಿಯಲಿಲ್ಲ.

ಬ್ಲಾಕ್ ಕಂಡಕೂಡಲೇ ಸ್ಟೆಂಟ್ ಹಾಕಿಸಿಕೊಂಡರೆ ಪಾರಾದೆವು ಎಂಬ ನಂಬಿಕೆಗೂ ಇದೇ ಕಾರಣಕ್ಕೆ ಆಧಾರ ಕಡಿಮೆ. ಹೃದಯಾಘಾತ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಿಲೆ ಸ್ಥಿರವಾಗಿರುವವರಲ್ಲಿ ಒಳ್ಳೆಯ ಔಷಧ ಚಿಕಿತ್ಸೆಯ ಜೊತೆಗೆ ಸ್ಟೆಂಟ್ ಹಾಕಿದ್ದರಿಂದ ಸಾವು ಮತ್ತು ಹೃದಯಾಘಾತ ಕಡಿಮೆಯಾಗಲಿಲ್ಲ ಎಂದು 2007ರ ‘ಕರೇಜ್’ ಅಧ್ಯಯನ ತೋರಿಸಿತು. ಐದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ, 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದ ಒಟ್ಟಾರೆ ತೀರ್ಮಾನವೂ ಅದೇ ದಿಕ್ಕಿನದು. ಸ್ಟೆಂಟ್‌ನಿಂದ ಎದೆನೋವು ತಗ್ಗಬಹುದು. ಆದರೆ ಅದು ಸರಿಪಡಿಸುವುದು ಒಂದು ಜಾಗವನ್ನು ಮಾತ್ರ. ಕಾಯಿಲೆ ಇರುವುದು ನಾಳದ ಉದ್ದಕ್ಕೂ.

ಔಷಧಗಳ ಲೆಕ್ಕವನ್ನೂ ಹೀಗೆಯೇ ನೇರವಾಗಿ ನೋಡೋಣ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಕೆಟ್ಟ ಕೊಲೆಸ್ಟರಾಲನ್ನು ಡೆಸಿಲೀಟರ್‌ಗೆ ಸುಮಾರು 39 ಮಿಲಿಗ್ರಾಂನಷ್ಟು ತಗ್ಗಿಸಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಆಪತ್ತುಗಳು ಐದನೇ ಒಂದರಷ್ಟು ಕಡಿಮೆಯಾಗುತ್ತವೆ. ಇದು ಬಹುದೊಡ್ಡ ಲಾಭ. ಆದರೂ ಉಳಿದ ಅಪಾಯ ಇದ್ದೇ ಇದೆ. ಇನ್ನೊಂದು ಕಡೆ, ಸ್ವೀಡನ್ನಿನ ರಾಷ್ಟ್ರೀಯ ಹೃದ್ರೋಗ ದಾಖಲೆಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಸಲ ತೀವ್ರ ಹೃದಯಾಘಾತಕ್ಕೆ ಒಳಗಾದವರ ಪೈಕಿ ಸುಮಾರು ಶೇ 15ರಷ್ಟು ಮಂದಿಗೆ ಬಿ.ಪಿ., ಸಕ್ಕರೆ ಕಾಯಿಲೆ, ಹೆಚ್ಚಿನ ಕೊಲೆಸ್ಟರಾಲ್, ಧೂಮಪಾನ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಮೊದಲ 30 ದಿನಗಳಲ್ಲಿ ಸತ್ತವರ ಪ್ರಮಾಣ ಇಂಥವರಲ್ಲೇ ಹೆಚ್ಚಿತ್ತು.

ಹಾಗಾದರೆ ತಡೆಯುವ ಪ್ರಯತ್ನವನ್ನು ಬಿಟ್ಟುಬಿಡಬೇಕೆ? ಖಂಡಿತ ಕೂಡದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಹೊರೆಯಲ್ಲಿ ಶೇ 90ರಷ್ಟು ಒಂಬತ್ತು ಕಾರಣಗಳಿಗೆ ಸಲ್ಲುತ್ತದೆ. ತಂಬಾಕು, ಕೊಲೆಸ್ಟರಾಲ್, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು–ತರಕಾರಿಯ ಕೊರತೆ, ವ್ಯಾಯಾಮದ ಕೊರತೆ, ಮದ್ಯಸೇವನೆಯ ರೀತಿ ಇವೇ ಆ ಒಂಬತ್ತು. ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತ್ಯ 1970ರ ದಶಕದ ಆರಂಭದಲ್ಲಿ ಹೃದ್ರೋಗದ ಸಾವಿಗೆ ಕುಖ್ಯಾತವಾಗಿತ್ತು. 1972ರಲ್ಲಿ ಅಲ್ಲಿ ಶುರುವಾದ ಕಾರ್ಯಕ್ರಮ ಬರೀ ಉಪದೇಶ ಮಾಡಲಿಲ್ಲ. ಡೇರಿ, ಅಂಗಡಿ, ಶಾಲೆ, ಮಹಿಳಾ ಸಂಘಗಳನ್ನೆಲ್ಲ ಜೊತೆಗೂಡಿಸಿ ಊಟದ ರೂಢಿಯನ್ನೇ ಬದಲಿಸಿತು. ಬೆಣ್ಣೆ, ಉಪ್ಪು, ಸಿಗರೇಟು ಕಡಿಮೆಯಾದವು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು.

ಒಂದು ಕಡೆ ಶೇ 80ರ ಇಳಿಕೆ, ಇನ್ನೊಂದು ಕಡೆ ಒಬ್ಬ ವ್ಯಕ್ತಿಗೂ ಭರವಸೆ ಕೊಡಲಾಗದ ಸ್ಥಿತಿ. ಇವೆರಡೂ ಏಕಕಾಲಕ್ಕೆ ನಿಜವಾಗುವುದು ಹೇಗೆಂದು ಬ್ರಿಟನ್ನಿನ ವೈದ್ಯ ಜೆಫ್ರಿ ರೋಸ್ 1980ರ ದಶಕದಲ್ಲೇ ವಿವರಿಸಿದ್ದರು. ತೀವ್ರ ಅಪಾಯದಲ್ಲಿರುವವರು ಸಮಾಜದಲ್ಲಿ ಕೆಲವರು ಮಾತ್ರ. ಸಾಧಾರಣ ಅಪಾಯದವರು ಅಸಂಖ್ಯರು. ಹಾಗಾಗಿ ಒಟ್ಟು ಹೃದಯಾಘಾತಗಳಲ್ಲಿ ಹೆಚ್ಚಿನವು ಎರಡನೇ ಗುಂಪಿನಿಂದಲೇ ಬರುತ್ತವೆ. ಇಡೀ ಸಮಾಜದ ರಕ್ತದೊತ್ತಡ ಸ್ವಲ್ಪವೇ ಇಳಿದರೂ ಸಾವಿರಾರು ಜೀವ ಉಳಿಯುತ್ತವೆ. ಆದರೆ ಹಾಗೆ ಬದುಕುಳಿದವರು ಯಾರು ಎಂದು ಯಾರಿಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ತಡೆ ಎಂಬುದು ಜನಸಮುದಾಯಕ್ಕೆ ಸಿಗುವ ಖಚಿತ ಫಲ, ವ್ಯಕ್ತಿಗೆ ಸಿಗುವ ಹೆಚ್ಚಿನ ಅವಕಾಶ.

ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ನಾವು ಸತ್ತವರ ಮನೆಯಲ್ಲಿ ಆಡುವ ಮಾತೂ ಬದಲಾಗುತ್ತದೆ. ‘ಜಿಮ್ಮಿಗೆ ಹೋಗಬಾರದಿತ್ತು’, ‘ಟೆನ್ಷನ್ ಜಾಸ್ತಿ ಮಾಡ್ಕೊಳ್ತಿದ್ರು’, ‘ಮೊದಲೇ ಚೆಕಪ್ ಮಾಡಿಸಬಾರದಿತ್ತೇ’ ಎಂಬ ಮಾತುಗಳು ಆ ಮನೆಯ ಹೆಂಡತಿ ಮಕ್ಕಳನ್ನು ಜೀವಮಾನವಿಡೀ ಚುಚ್ಚುತ್ತವೆ. ಹಲವು ಸಲ ಅವು ವೈಜ್ಞಾನಿಕವಾಗಿಯೂ ಸುಳ್ಳು. ಆಹಾರ, ದುಡಿಮೆ, ನಿದ್ದೆ ನಮ್ಮೊಬ್ಬರದೇ ಆಯ್ಕೆಗಳೂ ಅಲ್ಲ. ದಿನಕ್ಕೆ ಹನ್ನೆರಡು ಗಂಟೆ ಆಟೊ, ಕ್ಯಾಬ್ ಓಡಿಸುವವರಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿ, ವಾಕಿಂಗ್ ಹೋಗಿ ಎಂದು ಹೇಳುವುದು ಸುಲಭ. ಅವರ ದುಡಿಮೆಯ ಸ್ವರೂಪ ಅದಕ್ಕೆ ಅವಕಾಶ ಕೊಡಬೇಕಲ್ಲ.

ಭಾರತೀಯರಿಗೆ ಇನ್ನೊಂದು ಕಾರಣಕ್ಕೂ ಈ ವಿಷಯ ಗಂಭೀರವಾದದ್ದು. ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತ ಉಳಿದವರಿಗಿಂತ ಸರಾಸರಿ ಐದಾರು ವರ್ಷ ಮೊದಲೇ, 53ರ ಆಸುಪಾಸಿನಲ್ಲಿ ಆಗುತ್ತದೆ ಎಂದು ಇಂಟರ್‌ಹಾರ್ಟ್ ದಾಖಲಿಸಿದೆ. ಆದ್ದರಿಂದ ತಪಾಸಣೆಯ ಅರ್ಥ, ಸುದ್ದಿ ಓದಿ ಗಾಬರಿಯಾದ ದಿನ ಟಿಎಂಟಿ ಮಾಡಿಸುವುದಲ್ಲ. ಮೂವತ್ತರೊಳಗೇ ಬಿ.ಪಿ., ಶುಗರ್, ಕೊಲೆಸ್ಟರಾಲ್ ತಿಳಿದುಕೊಳ್ಳುವುದು, ತಂದೆ ಅಥವಾ ಅಣ್ಣನಿಗೆ 55ರೊಳಗೆ, ತಾಯಿ ಅಥವಾ ಅಕ್ಕನಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ವೈದ್ಯರಿಗೆ ಹೇಳುವುದು, ಕೊಟ್ಟ ಮಾತ್ರೆಯನ್ನು ನಡುವೆ ಬಿಡದಿರುವುದು. ಕಡಿಮೆ ಖರ್ಚಿನ ಈ ಕೆಲಸಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗಬಲ್ಲವು.

ಇಷ್ಟೆಲ್ಲ ಮಾಡಿಯೂ ಕೆಲವರಿಗೆ ಆಘಾತ ಆಗುತ್ತದೆ. ಆಗ ಅವರು ಉಳಿಯುವುದೂ ಬಿಡುವುದೂ ಮುಂದಿನ ಒಂದೆರಡು ಗಂಟೆಗಳ ಮೇಲೆ ನಿಂತಿರುತ್ತದೆ. ಸಮಾಜ ಹೊರಬೇಕಾದ ಹೊಣೆ ಶುರುವಾಗುವುದು ಇಲ್ಲಿಂದ. ಹದಿನೇಳು ಸಾವಿರ ರೋಗಿಗಳ ಮೇಲೆ ನಡೆದ, 1988ರಲ್ಲಿ ಪ್ರಕಟವಾದ ‘ಐಸಿಸ್–2’ ಅಧ್ಯಯನದಲ್ಲಿ, ಆಘಾತವಾದಾಗ ಕೊಟ್ಟ ಆಸ್ಪಿರಿನ್ ಮಾತ್ರೆಯೊಂದೇ ಸಾವನ್ನು ನಾಲ್ಕನೇ ಒಂದರಷ್ಟು ತಗ್ಗಿಸಿತು. ಹೆಪ್ಪು ಕರಗಿಸುವ ಔಷಧವೂ ಸೇರಿದಾಗ ಇಳಿಕೆ ಶೇ 40ನ್ನು ಮೀರಿತು. ಔಷಧ ಬೇಗ ಒಳಸೇರಿದಷ್ಟೂ ಹೃದಯದ ಸ್ನಾಯು ಹೆಚ್ಚು ಉಳಿಯುತ್ತದೆ. ನಮ್ಮಲ್ಲಿ ಆಗುತ್ತಿರುವುದೇನು? ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ತಜ್ಞರು ಮುನ್ನಡೆಸಿದ, 2008ರಲ್ಲಿ ಪ್ರಕಟವಾದ ‘ಕ್ರಿಯೇಟ್’ ಅಧ್ಯಯನ ದೇಶದ 89 ಕೇಂದ್ರಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿತ್ತು. ನೋವು ಶುರುವಾದ ಮೇಲೆ ಆಸ್ಪತ್ರೆ ಸೇರಲು ಐದಾರು ಗಂಟೆ ಹಿಡಿಯುವುದು ಅಲ್ಲಿ ಸಾಮಾನ್ಯವಾಗಿತ್ತು. ಬಡವರು ಸಿರಿವಂತರಿಗಿಂತ ಹೆಚ್ಚು ಸತ್ತಿದ್ದರು.

ಈ ವಿಳಂಬದಲ್ಲಿ ಒಂದು ಪಾಲು ಮನೆಯಲ್ಲೇ ಆಗುತ್ತದೆ. ಎದೆ ಹಿಡಿದುಕೊಂಡರೆ ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ಬೆಳಗಾಗಲಿ ಎಂದು ಕಾಯುವುದು ನಮ್ಮಲ್ಲಿ ವಾಡಿಕೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಬರೀ ಸುಸ್ತು, ಬೆವರು, ವಾಕರಿಕೆ, ಉಸಿರುಗಟ್ಟುವಿಕೆಯಾಗಿಯೂ ಆಘಾತ ಕಾಣಿಸಿಕೊಳ್ಳಬಹುದು. ಎದೆ, ತೋಳು, ದವಡೆಯಲ್ಲಿ ಹಿಂಡಿದಂಥ ನೋವು ಹತ್ತು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ ಇಸಿಜಿ ಇರುವ ಹತ್ತಿರದ ಆಸ್ಪತ್ರೆ ಸೇರಬೇಕು. ಹಿಂದಿನ ವಾರದ ನಾರ್ಮಲ್ ರಿಪೋರ್ಟ್ ಆ ಕ್ಷಣಕ್ಕೆ ಯಾವ ಪ್ರಮಾಣವೂ ಅಲ್ಲ.

ಉಳಿದ ಪಾಲು ವ್ಯವಸ್ಥೆಯದು. ಪುನೀತ್ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆ ಸರಿಯಾದ ದಾರಿ ಹಿಡಿದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಸಾಗಿಸಲಾಗುತ್ತದೆ. ಇದರ ಯಶಸ್ಸು ಘೋಷಣೆಯಲ್ಲಿಲ್ಲ. ರಾತ್ರಿ ಎರಡು ಗಂಟೆಗೂ ಇಸಿಜಿ ತೆಗೆಯುವ ಸಿಬ್ಬಂದಿ, ಫ್ರಿಜ್ಜಿನಲ್ಲಿ ಔಷಧ, ಬಾಗಿಲಲ್ಲಿ ಆಂಬುಲೆನ್ಸ್ ಇದೆಯೇ ಎಂಬುದರಲ್ಲಿದೆ. ಪ್ರತಿ ತಾಲ್ಲೂಕಿನಲ್ಲಿ ನೋವಿನಿಂದ ಚುಚ್ಚುಮದ್ದಿನವರೆಗೆ ಎಷ್ಟು ನಿಮಿಷ ಹಿಡಿಯಿತು ಎಂಬ ಲೆಕ್ಕವನ್ನು ಸರ್ಕಾರ ತಿಂಗಳು ತಿಂಗಳು ಪ್ರಕಟಿಸಬೇಕು.

ಹೃದಯ ಬಡಿತವೇ ನಿಂತಾಗ ಆಂಬುಲೆನ್ಸ್ ಬರುವಷ್ಟೂ ಸಮಯ ಇರುವುದಿಲ್ಲ. ಏನೂ ಮಾಡದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುವ ಸಿಪಿಆರ್ ಅನ್ನು ಹೈಸ್ಕೂಲ್ ಮಕ್ಕಳೂ ಕಲಿಯಬಲ್ಲರು. ಡೆನ್ಮಾರ್ಕ್ 2005ರಿಂದ ಅದನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿತು, ಚಾಲನಾ ಪರವಾನಗಿ ಪಡೆಯುವವರಿಗೂ ಕಲಿಸಿತು. 2001ರಿಂದ 2010ರ ನಡುವೆ ಅಲ್ಲಿ, ಕುಸಿದುಬಿದ್ದವರಿಗೆ ದಾರಿಹೋಕರೇ ಸಿಪಿಆರ್ ಕೊಡುವ ಪ್ರಮಾಣ ಇಮ್ಮಡಿಯಾಯಿತು. ಒಂದು ತಿಂಗಳ ನಂತರ ಬದುಕಿದ್ದವರ ಪ್ರಮಾಣ ಸುಮಾರು ಮೂರು ಪಟ್ಟಾಯಿತು. 2021ರ ಜೂನ್ 12ರಂದು ಕೋಪನ್‌ಹೇಗನ್ ಮೈದಾನದಲ್ಲಿ ಹೃದಯ ನಿಂತು ಬಿದ್ದ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಅವರನ್ನು ಉಳಿಸಿದ್ದು ತಕ್ಷಣದ ಸಿಪಿಆರ್ ಮತ್ತು ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್. ಬಸ್ ನಿಲ್ದಾಣ, ಜಾತ್ರೆ ಮೈದಾನ, ಕಾರ್ಖಾನೆ, ಜಿಮ್, ಕಲ್ಯಾಣ ಮಂಟಪಗಳಲ್ಲಿ ಆ ಯಂತ್ರವೂ ಅದನ್ನು ಬಳಸಬಲ್ಲವರೂ ಇರಬೇಕು.

ಜೊತೆಗೆ ನಮಗೆ ಸತ್ಯವೂ ಬೇಕು. ಹಾಸನದ ಪ್ರಕರಣಗಳನ್ನು ಪರಿಶೀಲಿಸಿದ ಜಯದೇವ ನಿರ್ದೇಶಕರ ನೇತೃತ್ವದ ಸಮಿತಿ, 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ ಎಂದು ಕಂಡುಕೊಂಡಿತು. ಕೋವಿಡ್ ಲಸಿಕೆಯೇ ಕಾರಣ ಎಂಬ ಗುಮಾನಿಯನ್ನು 18ರಿಂದ 45 ವರ್ಷದವರ ಹಠಾತ್ ಸಾವುಗಳ ಕುರಿತು 47 ಆಸ್ಪತ್ರೆಗಳಲ್ಲಿ ನಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲೇ ತಳ್ಳಿಹಾಕಿತ್ತು. ಕುಟುಂಬದ ಇತಿಹಾಸ, ಧೂಮಪಾನ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿದ ಕುಡಿತ ಅಥವಾ ಅತಿ ತೀವ್ರ ಶ್ರಮ ಇವು ಅದು ಗುರುತಿಸಿದ ಅಪಾಯಗಳು. ಆದರೂ ವದಂತಿ ಹಬ್ಬುತ್ತದೆ. ಏಕೆಂದರೆ ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸುವುದು ನಾಲ್ಕನೇ ಒಂದಕ್ಕಿಂತ ಕಡಿಮೆ. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ, ಮರಣೋತ್ತರ ಪರೀಕ್ಷೆ ನಡೆಸುವುದಾಗಿ ಸರ್ಕಾರ ಹಾಸನದ ನಂತರ ಹೇಳಿದೆ. ಕುಟುಂಬದ ದುಃಖಕ್ಕೆ ಗೌರವ ಕೊಟ್ಟೇ ಅದನ್ನು ಜಾರಿಗೆ ತರಬೇಕು. ಸತ್ತವರ ಮಕ್ಕಳು, ಒಡಹುಟ್ಟಿದವರಿಗೆ ಅದೇ ಅಪಾಯ ಇದೆಯೇ ಎಂದು ತಿಳಿಯಲು ಅದೊಂದೇ ದಾರಿಯಾಗಿರುವ ಸಂದರ್ಭಗಳುಂಟು.

ತಂಬಾಕು ಬಿಡಿ, ಉಪ್ಪು ತಗ್ಗಿಸಿ, ನಡೆಯಿರಿ, ಬಿ.ಪಿ. ನೋಡಿಸಿಕೊಳ್ಳಿ ಎಂಬ ಮಾತನ್ನು ಇನ್ನೂ ಜೋರಾಗಿ ಹೇಳೋಣ. ಅದು ಫಲಿಸುವ ಮಾತು. ಅದರ ಜೊತೆಗೇ, ಇಷ್ಟು ಮಾಡಿಯೂ ಯಾರಿಗಾದರೂ ಆಘಾತ ಆಗಬಹುದು, ಆದಾಗ ಅದು ಅವರ ತಪ್ಪಲ್ಲ, ಅವರನ್ನು ಉಳಿಸಲು ನಾವು ಸಿದ್ಧರಿದ್ದೇವೆ ಎಂದು ಹೇಳುವ ಸ್ಥಿತಿಗೂ ಬರೋಣ. ಮುಂದಿನ ಬಜೆಟ್‌ನಲ್ಲಿ ಪ್ರತಿ ತಾಲ್ಲೂಕಿಗೆ ದಿನದ 24 ಗಂಟೆಯೂ ಇಸಿಜಿ, ಪ್ರತಿ ಹೈಸ್ಕೂಲಿಗೆ ಸಿಪಿಆರ್ ಪಾಠ, ಪ್ರತಿ ಹಠಾತ್ ಸಾವಿಗೆ ವೈದ್ಯರು ದೃಢಪಡಿಸಿದ ಕಾರಣ ಈ ಮೂರಕ್ಕೆ ಹಣ ತೆಗೆದಿರಿಸಿದರೆ, ತಡೆಯಲಾಗದ ಆಘಾತಗಳಲ್ಲೂ ಉಳಿಸಬಹುದಾದ ಜೀವಗಳು ಉಳಿಯುತ್ತವೆ.