ನಡುರಾತ್ರಿಯ ಉಪಗ್ರಹ ಚಿತ್ರಗಳು ಕೆಲವು ದಿನಗಳಲ್ಲಿ ಮಸುಕಾಗುವುದೇಕೆ?

ಪ್ರತಿ ವರ್ಷ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಆಸುಪಾಸಿನಲ್ಲಿ ನಡುರಾತ್ರಿಯ ಹವಾಮಾನ ಉಪಗ್ರಹ ಚಿತ್ರಗಳ ಗುಣಮಟ್ಟ ಕುಗ್ಗುವ ಸಾಧ್ಯತೆಯಿದೆ. ಚಿತ್ರದಲ್ಲಿ ಬೆಳಕಿನ ಕಲೆಗಳು ಕಾಣಿಸಿಕೊಳ್ಳಬಹುದು. ಕೆಲವು ಚಿತ್ರಗಳು ಲಭ್ಯವಾಗದೆಯೂ ಇರಬಹುದು. ಇದಕ್ಕೆ ಕಾರಣ ಹವಾಮಾನವಲ್ಲ. ಸೂರ್ಯ, ಭೂಮಿ ಮತ್ತು ಉಪಗ್ರಹ ಒಂದೇ ಸಾಲಿಗೆ ಬರುವುದು.

2016ರಲ್ಲಿ ಉಡಾಯಿಸಲಾದ ಇನ್ಸಾಟ್-3ಡಿಆರ್ ಹಾಗೂ 2024ರ ಫೆಬ್ರವರಿ 17ರಂದು ಶ್ರೀಹರಿಕೋಟಾದಿಂದ ಉಡಾಯಿಸಲಾದ ಇನ್ಸಾಟ್-3ಡಿಎಸ್ ಉಪಗ್ರಹಗಳನ್ನು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ನೆಲೆಗೊಳಿಸಲಾಗಿದೆ. ಭೂಸ್ಥಿರ ಉಪಗ್ರಹಗಳ ನಿಯಂತ್ರಣವನ್ನು ಹಾಸನದ ಪ್ರಧಾನ ನಿಯಂತ್ರಣ ಕೇಂದ್ರವು ನಿರ್ವಹಿಸುತ್ತದೆ. ವಿಷುವ ದಿನಗಳಲ್ಲಿ ಸೂರ್ಯನು ಭೂಮಧ್ಯರೇಖೆಯ ನೇರಕ್ಕೆ ಬರುವುದರಿಂದ, ಆ ದಿನಗಳ ಹಿಂದೆ ಮುಂದೆ ಸೇರಿ ಸುಮಾರು 45 ದಿನಗಳ ಕಾಲ ಉಪಗ್ರಹವು ಪ್ರತಿ ರಾತ್ರಿ ಭೂಮಿಯ ನೆರಳನ್ನು ಹಾದುಹೋಗುತ್ತದೆ. ಈ ಗ್ರಹಣದ ಗರಿಷ್ಠ ಅವಧಿ ಸುಮಾರು 72 ನಿಮಿಷ. ಆಗ ಸೌರಫಲಕಗಳಿಂದ ವಿದ್ಯುತ್ ದೊರೆಯದೆ ಉಪಗ್ರಹವು ಬ್ಯಾಟರಿಯನ್ನೇ ಅವಲಂಬಿಸಬೇಕಾಗುತ್ತದೆ.

ಚಿತ್ರಗಳಿಗೆ ಹೆಚ್ಚಿನ ತೊಂದರೆಯಾಗುವುದು ನೆರಳಿಗೆ ಸೇರುವ ಮುನ್ನ ಹಾಗೂ ಹೊರಬಂದ ನಂತರ. ಭೂಮಿಯ ಅಂಚಿನ ಬಳಿ ಇರುವ ಸೂರ್ಯನ ಬೆಳಕು ಉಪಕರಣದ ಒಳಹೊಕ್ಕು ಅದನ್ನು ಬಿಸಿಯಾಗಿಸುತ್ತದೆ. ರಾತ್ರಿಯಲ್ಲಿ ಮೋಡಗಳನ್ನು ಅವುಗಳ ಉಷ್ಣ ವಿಕಿರಣದಿಂದ, ಅಂದರೆ ಅವಕೆಂಪು ಕಿರಣಗಳಿಂದ ಗುರುತಿಸಲಾಗುತ್ತದೆ. ಆದುದರಿಂದ ಉಪಕರಣದ ತಾಪದಲ್ಲಾಗುವ ಏರಿಳಿತವು ಅಳತೆಯನ್ನೇ ಬಾಧಿಸುತ್ತದೆ.

ಇದು ಮುಂಚಿತವಾಗಿ ಲೆಕ್ಕ ಹಾಕಬಹುದಾದ ವಿದ್ಯಮಾನ. ಯಂತ್ರದೋಷ ಇದಕ್ಕಿಂತ ಭಿನ್ನ. ಅಮೆರಿಕವು 2018ರಲ್ಲಿ ಉಡಾಯಿಸಿದ ಗೋಸ್-17 ಉಪಗ್ರಹದ ಶೀತಲೀಕರಣ ವ್ಯವಸ್ಥೆಯಲ್ಲಿಯೇ ದೋಷವಿದ್ದು, ಕೆಲವು ಋತುಗಳ ರಾತ್ರಿಗಳಲ್ಲಿ ಅದರ ಚಿತ್ರಗಳು ಹಲವು ಗಂಟೆಗಳ ಕಾಲ ಕೆಡುತ್ತಿದ್ದವು. 2023ರ ಜನವರಿಯಲ್ಲಿ ಗೋಸ್-18 ಅದರ ಸ್ಥಾನವನ್ನು ವಹಿಸಿಕೊಂಡಿತು.

ಸೆಪ್ಟೆಂಬರ್‌ನಲ್ಲಿ ನೈಋತ್ಯ ಮುಂಗಾರು ರಾಜ್ಯದಲ್ಲಿ ಇನ್ನೂ ಸಕ್ರಿಯವಾಗಿರುತ್ತದೆ. ಕರಾವಳಿಯ ದೋಣಿಗಳೂ ಕಡಲಿನಲ್ಲಿರುತ್ತವೆ. ಮಸುಕಾದ ಒಂದು ಚಿತ್ರವನ್ನು ನೋಡಿ ಮೋಡವಿದೆಯೆಂದು ಅಥವಾ ಇಲ್ಲವೆಂದು ನಿರ್ಧರಿಸುವುದು ಅಪಾಯಕಾರಿ. ಡಾಪ್ಲರ್ ರಾಡಾರ್‌ಗಳು ಹಾಗೂ ಮಳೆಮಾಪಕಗಳು ಈ ಗ್ರಹಣದಿಂದ ಬಾಧಿತವಾಗುವುದಿಲ್ಲ. ಮೀನುಗಾರರು ಭಾರತ ಹವಾಮಾನ ಇಲಾಖೆಯ ಎಚ್ಚರಿಕೆಗಳನ್ನೇ ಆಧಾರವಾಗಿ ಪರಿಗಣಿಸುವುದು ಸೂಕ್ತ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ನೋಂದಾಯಿಸಿಕೊಂಡ ರೈತರು, ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದಿಂದ ಬೆಳೆ ಹಾನಿಯಾದಲ್ಲಿ, ಉಪಗ್ರಹ ಚಿತ್ರಕ್ಕಾಗಿ ಕಾಯದೆ 72 ಗಂಟೆಗಳೊಳಗೆ ಮಾಹಿತಿ ನೀಡತಕ್ಕದ್ದು.