ಆಕಾಶದ ಸುಂಕ ಯಾರ ಬೊಕ್ಕಸಕ್ಕೆ?

ವಿಮಾನದ ಹೊಗೆಗೆ ಸುಂಕ ಬೇಕೆ ಎಂದು ಕೇಳಿದರೆ ಬೇಕೇ ಬೇಕು ಎಂಬುದು ನಮ್ಮ ಉತ್ತರ. ಆ ಸುಂಕವನ್ನು ಯೂರೋಪಿನವರು ವಸೂಲು ಮಾಡಿ ತಾವೇ ಇಟ್ಟುಕೊಳ್ಳಬಹುದೆ ಎಂದರೆ, ಕೂಡದು.

ಯೂರೋಪಿಯನ್ ಒಕ್ಕೂಟವು 2012ರ ಜನವರಿ 1ರಿಂದ ತನ್ನ ನೆಲದಲ್ಲಿ ಇಳಿಯುವ, ಅಲ್ಲಿಂದ ಏಳುವ ವಿಮಾನಗಳನ್ನೆಲ್ಲ ತನ್ನ ಇಂಗಾಲದ ಲೆಕ್ಕಕ್ಕೆ ಎಳೆದುಕೊಂಡಿತು. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವ ವಿಮಾನ ನಮ್ಮ ಆಕಾಶದಲ್ಲಿ ಉಗುಳಿದ ಹೊಗೆಗೂ ಅವರದೇ ಲೆಕ್ಕ, ಅವರದೇ ವಸೂಲಿ! ಪರವಾನಗಿ ಹರಾಜಿನ ಹಣ ಅಲ್ಲಿಯ ದೇಶಗಳ ಬೊಕ್ಕಸಕ್ಕೆ. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಸಿರಿವಂತರಾದವರು ಇಂದು ಸುಂಕದಕಟ್ಟೆ ಕಟ್ಟಿ ಕುಳಿತರೆ, ಸುಂಕದವನ ಮುಂದೆ ಸುಖದುಃಖ ಹೇಳಿ ಫಲವೇನು?

ಭಾರತ ಸರ್ಕಾರ ನಮ್ಮ ಕಂಪನಿಗಳಿಗೆ ಲೆಕ್ಕ ಕೊಡಬೇಡಿರೆಂದು ಅಪ್ಪಣೆ ಮಾಡಿತು. ಚೀನ, ರಷ್ಯ, ಅಮೆರಿಕಗಳೂ ಪ್ರತಿಭಟಿಸಿದವು. ಅದೇ ನವೆಂಬರಿನಲ್ಲಿ ಯೂರೋಪು ಹಿಂದೆಗೆಯಿತು. ಸರಿ, ಗೆದ್ದವರು ಯಾರು?

ಅಂತರರಾಷ್ಟ್ರೀಯ ವಿಮಾನದ ಇಂಧನಕ್ಕೆ ದೇಶದೇಶಗಳ ಒಪ್ಪಂದಗಳ ಬಲದಿಂದ ಬಹುಮಟ್ಟಿಗೆ ತೆರಿಗೆಯೇ ಇಲ್ಲ. ಕಳಸದಿಂದ ಮೂಡಿಗೆರೆಗೆ ಬರುವ ಖಾಸಗಿ ಬಸ್ಸಿನ ಡೀಸೆಲ್ಲಿಗೆ ಕೇಂದ್ರದ ಸುಂಕವೂ ಉಂಟು, ರಾಜ್ಯದ ತೆರಿಗೆಯೂ ಉಂಟು. ಲೈನ್ ಮನೆಯಿಂದ ಜ್ವರದ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಟ ತೋಟದ ಆಳು ಅದನ್ನು ತೆರುತ್ತಾನೆ. ಯೂರೋಪಿಗೆ ಹಾರುವ ಸಾಹುಕಾರ ತೆರುವುದಿಲ್ಲ. ದೆಹಲಿ ಕಾಪಾಡಿದ್ದು ಯಾರನ್ನೆಂದು ವಾಚಕರೇ ತೀರ್ಮಾನಿಸಲಿ.

ಹೊಗೆಯ ಫಲ ಉಣ್ಣುವವರೋ ಈ ಬೆಟ್ಟದವರು. ಹೂಮಳೆ ಹೊತ್ತಿಗೆ ಬಾರದೆ ಕಾಫಿ ಗಿಡ ಬಾಡುತ್ತದೆ. ಕಣದಲ್ಲಿ ಹಣ್ಣು ಹರವಿದಾಗ ಕರೆಯದ ಮಳೆ ಬರುತ್ತದೆ. ಬೆಳೆ ಹೋದರೆ ಸಾಹುಕಾರನಿಗೆ ನಷ್ಟ, ಆಳಿಗೆ ಉಪವಾಸ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ, ತೋಟಗಳು ಮಣ್ಣುಪಾಲಾದವು. ಇದೆಲ್ಲ ವಿಮಾನದಿಂದಲೇ ಆಯಿತೆಂದು ನಾವು ಹೇಳುವಷ್ಟು ಮೂಢರಲ್ಲ. ಆದರೆ ಭೂಮಿ ಕಾದಷ್ಟೂ ಮಳೆ ರಭಸವಾಗುತ್ತದೆಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. ಕಾಯಿಸಿದವರ ಪಟ್ಟಿಯಲ್ಲಿ ಲೈನ್ ಮನೆಯವರ ಹೆಸರು ಎಲ್ಲಿದೆ?

2016ರಲ್ಲಿ ಮಾಂಟ್ರಿಯಲ್ಲಿನಲ್ಲಿ ಒಪ್ಪಿದ ‘ಕೋರ್ಸಿಯಾ’ ಯೋಜನೆಗೆ 2027ರಿಂದ ಭಾರತವೂ ಒಳಪಡಬೇಕು. ಅದರ ಸೊಗಸು ನೋಡಿ: 2019ರ ಹೊಗೆಯ ನೂರಕ್ಕೆ 85 ಭಾಗದವರೆಗೆ ಎಲ್ಲವೂ ಮಾಫಿ; ಮೇಲಿನದಕ್ಕೆ ಮಾತ್ರ ಇನ್ನೊಬ್ಬರ ಪುಣ್ಯವನ್ನು ಕೊಂಡು ಲೆಕ್ಕ ಸರಿದೂಗಿಸಬಹುದು. ಪಾಪಕ್ಕೆ ದಕ್ಷಿಣೆ ಕೊಟ್ಟು ಕೈತೊಳೆಯುವ ಪದ್ಧತಿ ನಮಗೇನೂ ಹೊಸದಲ್ಲ.

ಬೇರೆ ದಾರಿ ಇಲ್ಲವೆನ್ನಬೇಡಿ. ಫ್ರಾನ್ಸ್ 2006ರಲ್ಲಿ ತನ್ನಲ್ಲಿಂದ ಹೊರಡುವ ವಿಮಾನಗಳ ಟಿಕೇಟಿನ ಮೇಲೆ ಸುಂಕ ಹಾಕಿತು: ಮೇಲ್ದರ್ಜೆಗೆ ಹೆಚ್ಚು, ಸಾದಾ ದರ್ಜೆಗೆ ಕಡಿಮೆ; ಸ್ವದೇಶಿ ಕಂಪನಿ, ಪರದೇಶಿ ಕಂಪನಿ ಎಂಬ ಭೇದವಿಲ್ಲ. ಆ ಹಣ ಬಡದೇಶಗಳ ರೋಗಿಗಳ ಔಷಧಕ್ಕೆ ಹೋಯಿತು. ದೆಹಲಿಯವರು ಮುಂದಿನ ಮಾತುಕತೆಗೆ ಹೋದಾಗ ಇಂಥ ಸುಂಕವನ್ನು ತಾವಾಗಿ ಕೇಳಲಿ, ಅದರ ಹಣ ಗುಡ್ಡ ಕುಸಿದ ಊರುಗಳಿಗೆ ಸೇರಬೇಕೆಂದು ಬರೆಸಲಿ. ವಿಮಾನ ಕಂಪನಿಗಳ ವಕೀಲಿ ಮಾಡಿದ್ದು ಸಾಕು.